ಪಟ್ಟಿ ಬೇಡ, ಬಸಿದ ನೀರಿನ ಮಾತು ಮುಂದುವರಿಸಿ

ನಮಸ್ಕಾರ.

ನೀವು ಕಳುಹಿಸಿದ ‘ದೇಹಕ್ಕೆ ಬೇಕಾದ ಆರು ಪೋಷಕಾಂಶಗಳು’ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ‘ವಿಷಾದಿಸುತ್ತೇವೆ’ ಎಂಬ ಎರಡು ಸಾಲು ಗೀಚಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಐದನೆಯ ಪುಟದಲ್ಲಿ ನೀವು ಬರೆದಿರುವ ಒಂದೇ ಒಂದು ವಾಕ್ಯ. ಅದು ಆಮೇಲೆ. ಮೊದಲು ತಕರಾರುಗಳು.

‘ಇಂದಿನ ಒತ್ತಡದ ಬದುಕಿನಲ್ಲಿ ಆರೋಗ್ಯವೇ ಭಾಗ್ಯ’ ಎಂದು ಆರಂಭಿಸಿದ್ದೀರಿ. ಇದನ್ನು ಹೊಡೆದುಹಾಕಿ. ಮುಂದೆ ಶರ್ಕರಪಿಷ್ಟ, ಪ್ರೋಟೀನ್, ಕೊಬ್ಬು, ವಿಟಮಿನ್, ಖನಿಜ, ನೀರು ಎಂದು ಆರು ತಲೆಬರಹ. ಪ್ರತಿಯೊಂದರ ಕೆಳಗೂ ವ್ಯಾಖ್ಯೆ, ಉಪಯೋಗ, ಸಿಗುವ ಆಹಾರ. ಶಾಲೆಯ ವಿಜ್ಞಾನ ಪುಸ್ತಕ ಈ ಕೆಲಸವನ್ನು ಎಂದೋ ಮಾಡಿ ಮುಗಿಸಿದೆ. ನಮ್ಮ ಓದುಗರು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತೂ ಆಗಿದೆ. ಅದನ್ನೇ ಮತ್ತೆ ಬಡಿಸಿದರೆ ಯಾರು ಉಣ್ಣುತ್ತಾರೆ?

ಉದಾಹರಣೆಗಳನ್ನು ಎಲ್ಲಿಂದ ತಂದಿರೋ ತಿಳಿಯದು. ಕ್ಯಾಲ್ಸಿಯಂಗೆ ಚೀಸ್ ಮತ್ತು ಬ್ರೊಕೊಲಿ, ಒಳ್ಳೆಯ ಕೊಬ್ಬಿಗೆ ಸಾಲ್ಮನ್ ಮೀನು. ಲಕೋಟೆಯ ಮೇಲಿರುವ ವಿಳಾಸ ಮಾತ್ರ ಮಂಡ್ಯ ಜಿಲ್ಲೆಯದು! ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ದಿನವೂ ಮುದ್ದೆ ಮುರಿಯುವ ಊರಿನಲ್ಲಿ ಕುಳಿತು ಬ್ರೊಕೊಲಿಯ ಗುಣಗಾನ ಮಾಡುವವರನ್ನು ಓದುಗ ನಂಬುವುದಿಲ್ಲ.

ಇನ್ನು ತಪ್ಪುಗಳು. ಮೊಳಕೆ ಕಾಳಿನಿಂದ ಬಿ12 ಸಿಗುತ್ತದೆ ಎಂದಿದ್ದೀರಿ, ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ, ಇಲ್ಲವೇ ಮಾತ್ರೆ. ಹಾಲನ್ನೂ ಬಿಟ್ಟ ಸಸ್ಯಾಹಾರಿ ನಿಮ್ಮ ಮಾತು ನಂಬಿದರೆ ಅವರ ನರಗಳಿಗೇ ಕುತ್ತು. ಪಾಲಕ್ ಕ್ಯಾಲ್ಸಿಯಂನ ಆಗರ ಎಂಬುದು ಅರ್ಧ ನಿಜ. ಅದರೊಳಗಿನ ಆಕ್ಸಲೇಟ್ ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಹತ್ತುವುದು ಅಲ್ಪ. ಕೊಬ್ಬನ್ನು ‘ಶತ್ರು’ ಎಂದು ಕರೆದು, ಮುಂದಿನ ಪುಟದಲ್ಲೇ ಎ ಮತ್ತು ಡಿ ವಿಟಮಿನ್‌ಗಳನ್ನು ಹೊಗಳಿದ್ದೀರಿ. ಎ, ಡಿ, ಇ, ಕೆ ಈ ನಾಲ್ಕೂ ಕರಗುವುದೇ ಕೊಬ್ಬಿನಲ್ಲಿ. ಕ್ಯಾರೆಟ್ ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ ಬೀಳದಿದ್ದರೆ ಅದರ ಬಣ್ಣದೊಳಗಿನ ಸಾರ ಹೀರಿಕೊಳ್ಳುವುದು ಕಷ್ಟ. ‘ಒಂದು ಬಟ್ಟಲು ಸಾರು ಕುಡಿದರೆ ದಿನದ ಪ್ರೋಟೀನ್ ಮುಗಿಯಿತು’ ಎಂಬುದಂತೂ ತಮಾಷೆ. ಅರವತ್ತು ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ತಿಳಿಸಾರಿನ ಬಟ್ಟಲಿನಲ್ಲಿ 25 ಗ್ರಾಂ ಬೇಳೆ ಇದೆ ಎಂದು ಧಾರಾಳವಾಗಿ ಲೆಕ್ಕ ಹಿಡಿದರೂ ಸಿಗುವುದು ಐದಾರು ಗ್ರಾಂ.

ಈಗ ಆ ವಾಕ್ಯ. ‘ನಮ್ಮ ಅವ್ವ ಸೊಪ್ಪು, ಕಾಳು ಬೇಯಿಸಿದ ಕಟ್ಟನ್ನು ಎಂದೂ ಚೆಲ್ಲಿದವಳಲ್ಲ’ ಎಂದು ಬರೆದು, ಅಲ್ಲೇ ಬಿಟ್ಟು, ಖನಿಜಗಳ ಕಡೆಗೆ ಓಡಿಬಿಟ್ಟಿದ್ದೀರಿ. ನಿಮ್ಮ ಲೇಖನ ಅಲ್ಲಿ ನಿಲ್ಲಬೇಕಿತ್ತು. ಬಿ ಗುಂಪಿನ ವಿಟಮಿನ್‌ಗಳೂ ಸಿ ವಿಟಮಿನ್ನೂ ನೀರಿನಲ್ಲಿ ಕರಗುವಂಥವು. ಬೇಯಿಸಿದ ನೀರನ್ನು ಮೋರಿಗೆ ಸುರಿದರೆ ಅವೂ ಅದರೊಂದಿಗೆ ಹೋಗುತ್ತವೆ. ಬಸ್ಸಾರಿನಲ್ಲಿ ಕಟ್ಟು ಸಾರಾಗುತ್ತದೆ, ಬಸಿದ ಸೊಪ್ಪು ಕಾಳು ಪಲ್ಯವಾಗುತ್ತದೆ, ಹೊರಗೆ ಹೋಗುವುದು ಏನೂ ಇಲ್ಲ. ಪಕ್ಕದಲ್ಲಿ ಮುದ್ದೆ. ಪ್ರೋಟೀನನ್ನು ಕಟ್ಟುವ ಅಮೈನೊ ಆಮ್ಲಗಳ ಪೈಕಿ ರಾಗಿಯಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದು ತಟ್ಟೆಯಲ್ಲೇ ನಿಮ್ಮ ಮೂರು ತಲೆಬರಹಗಳು ಸಿಕ್ಕವು. ಬಸಿದ ನೀರಿಗೆ ಸೊಪ್ಪಿನ ಆಕ್ಸಲೇಟ್ ಕೂಡ ಇಳಿಯುತ್ತದೆ ಎಂಬುದನ್ನು ಮುಚ್ಚಿಡಬೇಡಿ. ಅವ್ವನಿಗೆ ವಿಟಮಿನ್ ಶಾಸ್ತ್ರ ಗೊತ್ತಿತ್ತು ಎಂದೂ ಬರೆಯಬೇಡಿ. ರುಚಿಗೋ ಮಿತವ್ಯಯಕ್ಕೋ ಆಕೆ ಹಾಗೆ ಮಾಡಿರಬಹುದು. ಆಕೆಯನ್ನೇ ಕೇಳಿ ಬರೆಯಿರಿ.

ಪೋಷಕಾಂಶ ಮನುಷ್ಯನ ಕಣ್ಣಿಗೆ ಬಿದ್ದದ್ದು ಅದು ತಟ್ಟೆಯಿಂದ ಕಾಣೆಯಾದಾಗ. ನಿಮ್ಮ ಲೇಖನದಲ್ಲಿ ಥಯಾಮಿನ್‌ಗೆ, ಅಂದರೆ ಬಿ1 ವಿಟಮಿನ್‌ಗೆ, ಸಿಕ್ಕಿರುವುದು ‘ನರಗಳಿಗೆ ಒಳ್ಳೆಯದು’ ಎಂಬ ಅರ್ಧ ಸಾಲು. ಅದರ ಹಿಂದಿನ ಕಥೆ ಕೇಳಿ. 1890ರ ದಶಕ, ಈಗಿನ ಇಂಡೋನೇಷ್ಯಾದ ಜಾವಾ ದ್ವೀಪ. ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ನರಗಳನ್ನೂ ಹೃದಯವನ್ನೂ ಸೋಲಿಸುವ ಬೆರಿಬೆರಿ ರೋಗದ ಸೂಕ್ಷ್ಮಜೀವಿಯನ್ನು ಹುಡುಕುತ್ತಿದ್ದರು. ಪ್ರಯೋಗಾಲಯದ ಕೋಳಿಗಳು ಕಾಲು ಸೋತು ಕುಸಿದವು. ಅವುಗಳಿಗೆ ಹಾಕುತ್ತಿದ್ದುದು ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯ ಪಾಲಿಶ್ ಅಕ್ಕಿಯ ಅನ್ನ. ಹೊಸದಾಗಿ ಬಂದ ಅಡುಗೆಯವನು ‘ಮಿಲಿಟರಿಯ ಅನ್ನ ಸಿವಿಲಿಯನ್ ಕೋಳಿಗಳಿಗೆ ಏಕೆ’ ಎಂದು ಅದನ್ನು ನಿಲ್ಲಿಸಿದ. ಪಾಲಿಶ್ ಮಾಡದ ಅಕ್ಕಿ ತಿಂದ ಕೋಳಿಗಳು ಎದ್ದು ಓಡಾಡಿದವು! ಐಕ್ಮನ್‌ಗೆ ಆಗಲೂ ಅಕ್ಕಿಯಲ್ಲಿ ವಿಷವಿದೆ, ತೌಡಿನಲ್ಲಿ ಅದರ ಮದ್ದಿದೆ ಎಂಬ ಅನುಮಾನ. ಏನೋ ಒಂದರ ಕೊರತೆಯೇ ರೋಗ ಎಂದು 1901ರಲ್ಲಿ ಹೇಳಿದವರು ಅವರ ನಂತರ ಬಂದ ಗೆರಿಟ್ ಗ್ರೈನ್ಸ್. ಆ ‘ಏನೋ ಒಂದು’ ಥಯಾಮಿನ್. 1929ರ ನೊಬೆಲ್‌ನಲ್ಲಿ ಐಕ್ಮನ್‌ಗೆ ಪಾಲು ಸಿಕ್ಕಿತು, ಗ್ರೈನ್ಸ್‌ಗೆ ಸಿಗಲಿಲ್ಲ. ಆ ಅಡುಗೆಯವನ ಹೆಸರೂ ಐಕ್ಮನ್‌ರ ಭಾಷಣದಲ್ಲಿ ಇಲ್ಲ.

ಅದೇ ಕಾಲದ ಮಲಯಾದಲ್ಲಿ (ಈಗಿನ ಮಲೇಷ್ಯಾದ ಭಾಗ) ಬಿಳಿ ಅಕ್ಕಿ ಉಣ್ಣುತ್ತಿದ್ದ ಚೀನೀ ಕೂಲಿಗಳು ಬೆರಿಬೆರಿಯಿಂದ ನರಳುತ್ತಿದ್ದರೆ, ಕುಚ್ಚಲಕ್ಕಿ ಉಣ್ಣುತ್ತಿದ್ದ ತಮಿಳು ಕೂಲಿಗಳಿಗೆ ಆ ಕಾಟವಿರಲಿಲ್ಲ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನಲ್ಲಿರುವ ಥಯಾಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ, ಆಮೇಲೆ ಮಿಲ್ಲಿಗೆ ಹಾಕಿದರೂ ಬಹುಪಾಲು ಉಳಿಯುತ್ತದೆ. ನಮ್ಮ ಕರಾವಳಿಯ ಗಂಜಿಯೂಟದಲ್ಲಿ ಇವತ್ತಿಗೂ ಇರುವುದು ಇದೇ ಅಕ್ಕಿ. ದಿನಕ್ಕೆ ಬೇಕಾದ ಥಯಾಮಿನ್ ಒಂದೆರಡು ಮಿಲಿಗ್ರಾಂ ಮಾತ್ರ, ಉಪ್ಪಿನ ಕೆಲವು ಹರಳುಗಳಷ್ಟು.

ಆದ್ದರಿಂದ ನನ್ನ ಸಲಹೆ: ಆರನ್ನೂ ಬಿಡಿ, ಒಂದನ್ನು ಹಿಡಿಯಿರಿ. ಬಸಿದ ನೀರು ಸಾಕು. ಬಸ್ಸಾರು, ಅನ್ನದ ಗಂಜಿ, ಕುಕ್ಕರ್ ಬಂದ ಮೇಲೆ ಮನೆಯಲ್ಲಿ ಏನು ಬದಲಾಯಿತು, ಏನು ಉಳಿಯಿತು. ಅಂಕಿಗಳನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕದಿಂದಲೇ ತೆಗೆದುಕೊಳ್ಳಿ, ವಾಟ್ಸ್‌ಆ್ಯಪ್‌ನಿಂದ ಬೇಡ. 1918ರಲ್ಲಿ ಕೂನೂರಿನಲ್ಲಿ ಆ ಸಂಸ್ಥೆ ಹುಟ್ಟಿದ್ದೂ ಬೆರಿಬೆರಿಯ ತನಿಖೆಗಾಗಿಯೇ, ಬೇಕಾದರೆ ಬಳಸಿಕೊಳ್ಳಿ.

ಎಂಟುನೂರು ಪದ ಮೀರಬೇಡಿ. ‘ಆಹಾರವೇ ಔಷಧ’ ಎಂಬ ಮಾತು ಎಲ್ಲಿ ಕಂಡರೂ ನಾನು ಕತ್ತರಿಸುತ್ತೇನೆ, ನೀವೇ ತೆಗೆದರೆ ಇಬ್ಬರಿಗೂ ಶ್ರಮ ಕಡಿಮೆ. ‘ದಿನಕ್ಕೆ ಎಂಟು ಲೋಟ ನೀರು’ ಎಂಬ ಪ್ಯಾರಾವೂ ಹೋಗಲಿ: ಬಿಸಿಲಲ್ಲಿ ಕಬ್ಬು ಕಡಿಯುವವರಿಗೂ ಫ್ಯಾನಿನಡಿ ಕುಳಿತ ನನಗೂ ಒಂದೇ ಲೆಕ್ಕವಾಗದು. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೆ ಕಳುಹಿಸಿ.

ಸಂಪಾದಕ