ಕೈಗುಣಕ್ಕೆ ಚೀಟಿ ಯಾಕೆ?

ಹೆಸರು ಹಾಕಬೇಡಿ ಎಂದ ಓದುಗರೊಬ್ಬರು ಸಿಟ್ಟಿನಲ್ಲೇ ಬರೆದಿದ್ದಾರೆ: "ಹರ್ನಿಯಾ ಆಪರೇಷನ್ನಿಗೆ ಹೋದರೆ ಹೆಸರೇನು, ಯಾವ ಕಡೆ, ಕೊನೆಗೆ ಏನು ತಿಂದಿರಿ ಅಂತ ಮೂರು ಸಲ ಕೇಳಿದರು. ಅರಿವಳಿಕೆ ಡಾಕ್ಟರಂತೂ ಹಾಜರಿ ಕರೆಯುವ ಮೇಷ್ಟ್ರ ಹಾಗೆ ಪಟ್ಟಿ ಓದಿದರು. ಕೊನೆಗೆ ಆಪರೇಷನ್ನನ್ನೇ ಸಂಜೆಗೆ ತಳ್ಳಿದರು. ಕೈಗುಣ ಇದ್ದವರಿಗೆ ಚೀಟಿ ಯಾಕೆ?"

ಕೈಗುಣವನ್ನು ನಾನು ಅಲ್ಲಗಳೆಯುವುದಿಲ್ಲ ಸ್ವಾಮಿ. ಪಳಗಿದ ಕೈ ಪಳಗಿದ ಕೈಯೇ. ಆದರೆ ನೀವು ಕೆಣಕಿದ್ದು ನನ್ನ ಹಳೇ ಹುಚ್ಚನ್ನು, ಅರಿವಳಿಕೆಯ ಕತೆಗಳನ್ನು ಕೆದಕುವ ಹುಚ್ಚನ್ನು.

1848ರಲ್ಲಿ ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ 15ರ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರ್ಮ್ ಮೂಸಿ ಸತ್ತೇಹೋದಳು. ಆಗ ಮದ್ದೇ ಹೊಸದು ಅನ್ನೋಣ. 1978ರಲ್ಲಿ ಅಮೆರಿಕದ ಎಂಜಿನಿಯರ್ ಜೆಫ್ರಿ ಕೂಪರ್ ಮತ್ತು ಸಂಗಡಿಗರು ಅರಿವಳಿಕೆಯ ಎಡವಟ್ಟುಗಳನ್ನು ಕೆದಕಿದಾಗ ಯಂತ್ರ ಕೆಟ್ಟಿದ್ದು ಕಡಿಮೆ, ಮನುಷ್ಯ ಎಡವಿದ್ದೇ ಹೆಚ್ಚು. ಸಿರಿಂಜ್ ಅದಲುಬದಲು, ಉಸಿರಿನ ಕೊಳವೆ ಕಳಚಿದ್ದು, ಇಂಥವೇ.

ಅರಿವಳಿಕೆ ಡಾಕ್ಟರ ಪಕ್ಕದ ಸಿರಿಂಜ್ ತಟ್ಟೆಯನ್ನು ಒಮ್ಮೆ ನೋಡಿ. ನೋವಿನ ಮದ್ದು, ವಾಂತಿ ತಡೆಯುವ ಮದ್ದು, ಸ್ನಾಯು ಸಡಿಲಿಸುವ ಮದ್ದು, ಮೂರೂ ನೀರಿನ ಹಾಗೆ. ಗುರುತು ಹೇಳುವುದು ಬಣ್ಣದ ಲೇಬಲ್ ಒಂದೇ. ಎಚ್ಚರವಿದ್ದವನಿಗೆ ಆ ಮೂರನೆಯದು ಹೋದರೆ ಉಸಿರಾಡಲಾರ, ಕೂಗಲೂ ಆರ. ಇಲ್ಲಿ ಕೈಗುಣ ಏನು ಮಾಡೀತು?

ನೀವು ಚೀಟಿ ಅಂದಿರಲ್ಲ, ಆಪರೇಷನ್ನಿನಲ್ಲಿ ಏನೂ ತಪ್ಪದಂತೆ ಒಂದೊಂದಾಗಿ ಕೇಳಿ ಖಚಿತಪಡಿಸಿಕೊಳ್ಳಲು 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದ ಪಟ್ಟಿ ಒಂದೇ ಹಾಳೆಯದು. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಅದರಲ್ಲಿ ನನಗೆ ಅಚ್ಚುಮೆಚ್ಚಿನ ಅಂಶವೆಂದರೆ ಕತ್ತಿ ಹಿಡಿಯುವ ಮುನ್ನ ಕೋಣೆಯಲ್ಲಿದ್ದವರೆಲ್ಲ ತಮ್ಮ ಹೆಸರು, ಕೆಲಸ ಹೇಳಿಕೊಳ್ಳುವುದು. ಒಮ್ಮೆ ಬಾಯಿ ಬಿಟ್ಟ ಕಿರಿಯ ನರ್ಸ್, ಆಮೇಲೆ "ಸರ್, ಅದು ಎಡಗಡೆ" ಎನ್ನಲು ಅಷ್ಟು ಹೆದರುವುದಿಲ್ಲ.

ನಮ್ಮ ಕಚೇರಿಯಲ್ಲೂ ಒಂದು ಕಾಲಕ್ಕೆ ಕರಡನ್ನು ಒಬ್ಬರು ಗಟ್ಟಿಯಾಗಿ ಓದಿದರೆ ಇನ್ನೊಬ್ಬರು ಹಸ್ತಪ್ರತಿ ಹಿಡಿದು ಕೂರುತ್ತಿದ್ದರು. ಸಮಯ ದಂಡ ಅಂತ ಬಿಟ್ಟೆವು. ಶ್ರದ್ಧಾಂಜಲಿ ಪುಟಕ್ಕೆ ಬದುಕಿರುವವರ ಫೋಟೊ ಹೋಯಿತು! ಹೊಸ ಹುಡುಗಿಗೆ ಅನುಮಾನ ಬಂದಿತ್ತಂತೆ, ನನ್ನ ಮುಖ ನೋಡಿ ಸುಮ್ಮನಾದಳಂತೆ. ಕೇಳಿದವನನ್ನು ದಡ್ಡ, ಕೇಳದವನನ್ನು ನಿಪುಣ ಅನ್ನುವ ಈ ಚಾಳಿ ನಮಗೆ ಎಲ್ಲಿಂದ ಅಂಟಿತೋ.

ಅಂದಹಾಗೆ, ಮೂರನೇ ಸಲ ಕೇಳಿದಾಗ ನಿಮಗೆ ಬೆಳಗ್ಗೆ ಕುಡಿದ ಅರ್ಧ ಲೋಟ ಹಾಲು ನೆನಪಾಯಿತು ಎಂದು ಪತ್ರದ ಅಂಚಿನಲ್ಲಿ ನೀವೇ ಬರೆದಿದ್ದೀರಿ. ಬರೀ ನೀರಾಗಿದ್ದರೆ ಎರಡು ಗಂಟೆ ಸಾಕಿತ್ತು. ಹಾಲಿಗೆ ಆರು ಗಂಟೆ ಬೇಕು, ಇಲ್ಲದಿದ್ದರೆ ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ನಿಮ್ಮನ್ನು ಸಂಜೆಯವರೆಗೆ ಕಾಯಿಸಿದ್ದು ಅದಕ್ಕೇ.