ಬಿಪಿಗೂ ಕಿಡ್ನಿಗೂ ಏನು ಸಂಬಂಧ? ಬಿಪಿ ನೋಡಿಕೊಳ್ಳುವ ಜೀವಕೋಶಗಳು ಕಿಡ್ನಿಯಲ್ಲಿ ಇರೋದು ನಿಜವಾ?

ನೀವು ಕೇಳಿರೋದು ಇಷ್ಟು: ಅಪ್ಪನಿಗೆ ಬಿಪಿ ಬಂದಿದೆ. ಡಾಕ್ಟರು ಟೆಲ್ಮಿಸಾರ್ಟನ್ ಮಾತ್ರೆ ಬರೆದುಕೊಟ್ಟು, ಎರಡು ವಾರ ಬಿಟ್ಟು ಕ್ರಿಯಾಟಿನಿನ್, ಪೊಟ್ಯಾಸಿಯಂ ಟೆಸ್ಟ್ ಮಾಡಿಸಿಕೊಂಡು ಬನ್ನಿ ಅಂದಿದ್ದಾರೆ. ಬಿಪಿ ಅಂದ್ರೆ ಹೃದಯದ ವಿಷಯ ಅಲ್ವಾ, ಕಿಡ್ನಿ ಟೆಸ್ಟ್ ಯಾಕೆ? ಬಿಪಿ ನೋಡಿಕೊಳ್ಳುವ ಜೀವಕೋಶಗಳು ಕಿಡ್ನಿಯಲ್ಲಿವೆ ಎಂದು ಓದಿದೆ, ನಿಜವಾ?

ನಿಜ. ಆ ಜೀವಕೋಶಗಳ ಕೆಲಸ ಗೊತ್ತಾದರೆ ನಿಮ್ಮ ತಂದೆಯವರ ಮಾತ್ರೆಯೂ ಅರ್ಥವಾಗುತ್ತದೆ, ಆ ಟೆಸ್ಟೂ ಅರ್ಥವಾಗುತ್ತದೆ. ನಾನು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುವವಳು. ಇದು ನನಗೆ ತುಂಬಾ ಇಷ್ಟವಾದ ಪಾಠ. ಉತ್ತರ ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ರಕ್ತವನ್ನು ತಳ್ಳೋದು ಹೃದಯ, ಸರಿ. ಆದರೆ ತಳ್ಳೋಕೆ ಮೈಯಲ್ಲಿ ಎಷ್ಟು ರಕ್ತ ಇರಬೇಕು ಅನ್ನೋದನ್ನು ದಿನದಿಂದ ದಿನಕ್ಕೆ ತೀರ್ಮಾನಿಸೋದು ಕಿಡ್ನಿ. ಸುಮ್ಮನೆ ಕೂತಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪ್ ಮಾಡುತ್ತದೆ. ಅದರಲ್ಲಿ 1 ಲೀಟರಿನಷ್ಟು ಕಿಡ್ನಿಗಳಿಗೇ ಹೋಗುತ್ತದೆ. ಎರಡನ್ನೂ ಸೇರಿಸಿ ತೂಗಿದರೆ 300 ಗ್ರಾಂ ಆಸುಪಾಸು ಇರುವ ಅಂಗಕ್ಕೆ ಅಷ್ಟೊಂದು ರಕ್ತ! ಅವು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಟ್ಟು, ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ ಸೇರಿಸುತ್ತವೆ. ಇಲ್ಲಿ ನೂರಕ್ಕೆ ಒಂದು ಪಾಲು ಹೆಚ್ಚುಕಮ್ಮಿ ಆದರೂ ದಿನಕ್ಕೆ ಹತ್ತಿರ ಎರಡು ಲೀಟರ್ ವ್ಯತ್ಯಾಸ. ಉಪ್ಪು ಎಲ್ಲಿ ಉಳಿಯುತ್ತದೋ ನೀರೂ ಅಲ್ಲೇ ಉಳಿಯುತ್ತದೆ. ನೀರು ಉಳಿದರೆ ರಕ್ತದ ಪ್ರಮಾಣ ಹೆಚ್ಚುತ್ತದೆ, ಒತ್ತಡವೂ ಏರುತ್ತದೆ.

ಈಗ ಆ ಜೀವಕೋಶಗಳು ಎಲ್ಲಿವೆ ನೋಡೋಣ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ, ಅಂದರೆ ರಕ್ತ ಸೋಸುವ ಪುಟ್ಟ ಘಟಕಗಳು. ಪ್ರತಿ ನೆಫ್ರಾನ್ ಶುರುವಾಗೋದು ನವಿರಾದ ರಕ್ತನಾಳಗಳ ಒಂದು ಪುಟ್ಟ ಉಂಡೆಯಲ್ಲಿ. ಅದಕ್ಕೆ ಗ್ಲೊಮೆರುಲಸ್ ಅಂತಾರೆ. ರಕ್ತ ಒಳಗೆ ಬರೋಕೆ ಒಂದು ಸಣ್ಣ ಅಪಧಮನಿ, ಹೊರಗೆ ಹೋಗೋಕೆ ಇನ್ನೊಂದು. ಸೋಸಿದ ನೀರು ಒಂದು ಕೊಳವೆಯೊಳಗೆ ಹರಿದು, ಕೆಳಗಿಳಿದು, ತಿರುಗಿ ಮೇಲೆ ಬಂದು, ತಾನು ಹೊರಟ ಆ ಉಂಡೆಯ ಮಗ್ಗುಲಿಗೇ ಬಂದು ತಾಗುತ್ತದೆ. ಬೇರೆ ಯಾವುದೋ ಉಂಡೆಗಲ್ಲ, ತನ್ನದಕ್ಕೇ. ಕೊಳವೆ ಮತ್ತು ಒಳಬರುವ ಅಪಧಮನಿ ಹೀಗೆ ಮೈಗೆ ಮೈ ತಾಗಿಸಿಕೊಂಡಿರುವ ಜಾಗದಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ.

ಮೈಕ್ರೋಸ್ಕೋಪಿನಲ್ಲಿ ಕಿಡ್ನಿಯ ಸ್ಲೈಡ್ ಇಟ್ಟು, ಒಂದು ಗ್ಲೊಮೆರುಲಸ್ ಹುಡುಕಿ, ಅದರ ಅಂಚಿನ ಸುತ್ತ ನಿಧಾನವಾಗಿ ಕಣ್ಣಾಡಿಸಬೇಕು. ಪಕ್ಕದ ಕೊಳವೆಯ ಒಂದೇ ಬದಿಯಲ್ಲಿ ನೇರಳೆ ಬಣ್ಣದ ನ್ಯೂಕ್ಲಿಯಸ್‌ಗಳು ಒತ್ತೊತ್ತಾಗಿ ಸಾಲು ನಿಂತಿರುತ್ತವೆ. ಅದೇ ಕೊಳವೆಯ ಉಳಿದ ಸುತ್ತಳತೆಯಲ್ಲಿ ಅವು ಬಿಡಿಬಿಡಿಯಾಗಿರುತ್ತವೆ. ಆ ದಟ್ಟ ತುಣುಕಿನ ಹೆಸರು ಮ್ಯಾಕ್ಯುಲಾ ಡೆನ್ಸಾ. ಕೊಳವೆಯಲ್ಲಿ ಬರುವ ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ನೋಡುವುದು ಅದರ ಕೆಲಸ. ಅದಕ್ಕೆ ಅಂಟಿಕೊಂಡಂತೆ, ಒಳಬರುವ ಅಪಧಮನಿಯ ಗೋಡೆಯಲ್ಲಿ ಜಕ್ಸ್ಟಾಗ್ಲೊಮೆರುಲರ್ ಕೋಶಗಳಿವೆ. ನಾವು ಜೆಜಿ ಕೋಶ ಎಂದು ಚಿಕ್ಕದಾಗಿ ಕರೆಯುತ್ತೇವೆ. ಇವು ರಕ್ತನಾಳದ ಗೋಡೆಯ ಸ್ನಾಯು ಕೋಶಗಳ ಬಳಗದವೇ. ಆದರೆ ಇವುಗಳ ಒಳಗೆ ಸಣ್ಣ ಸಣ್ಣ ಕಣಗಳು ತುಂಬಿರುತ್ತವೆ, ಆ ಕಣಗಳಲ್ಲಿ ರೆನಿನ್ ಎಂಬ ಕಿಣ್ವ ಇರುತ್ತದೆ. ಮಾಮೂಲಿ ಬಣ್ಣ ಹಾಕಿದ ಸ್ಲೈಡಿನಲ್ಲಿ ಈ ಕಣಗಳು ಸರಿಯಾಗಿ ಕಾಣೋದಿಲ್ಲ. ಅದಕ್ಕೆ ಬೇರೆ ಬಣ್ಣವೇ ಬೇಕು. ಹಾಗಾಗಿ ಮೊದಲ ಸಲ ನೋಡುವವರಿಗೆ ಮ್ಯಾಕ್ಯುಲಾ ಡೆನ್ಸಾ ಸಿಗುತ್ತದೆ, ಜೆಜಿ ಕೋಶ ಸಿಗುವುದಿಲ್ಲ.

ಈ ಜೆಜಿ ಕೋಶಗಳು ರೆನಿನ್ ಬಿಡುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಅಪಧಮನಿಯಲ್ಲಿ ಒತ್ತಡ ಇಳಿದರೆ ಗೋಡೆಯ ಬಿಗಿ ಸಡಿಲವಾಗುತ್ತದೆ. ಆ ಸಡಿಲವನ್ನು ಜೆಜಿ ಕೋಶಗಳು ತಾವೇ ಗುರುತಿಸಿ ರೆನಿನ್ ಬಿಡುತ್ತವೆ. ಕೊಳವೆಯಲ್ಲಿ ಉಪ್ಪು ಕಡಿಮೆ ಬಂದರೆ ಮ್ಯಾಕ್ಯುಲಾ ಡೆನ್ಸಾ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ಮೂಲಕ ಪಕ್ಕದವರಿಗೆ ಸುದ್ದಿ ಮುಟ್ಟಿಸುತ್ತದೆ. ಮೂರನೆಯದು ನರಗಳು. ಗಾಬರಿ, ರಕ್ತಸ್ರಾವ, ಅಷ್ಟೇ ಯಾಕೆ, ಮಲಗಿದ್ದವರು ಎದ್ದು ನಿಂತರೂ ನರಗಳು ಈ ಕೋಶಗಳಿಗೆ ಸೂಚನೆ ಕೊಡುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆಗಳು ಈ ಮೂರನೇ ದಾರಿಯನ್ನು ತಡೆಯುತ್ತವೆ.

ಇಲ್ಲೊಂದು ವಿಚಿತ್ರ ಇದೆ. ಸಾಮಾನ್ಯವಾಗಿ ಕೋಶದೊಳಗೆ ಕ್ಯಾಲ್ಸಿಯಂ ಏರಿದರೆ ಅದು ತನ್ನ ಸರಕನ್ನು ಹೊರಗೆ ಸುರಿಯುತ್ತದೆ. ಇನ್ಸುಲಿನ್ ಹೊರಬರೋದು ಹಾಗೆಯೇ. ಜೆಜಿ ಕೋಶದಲ್ಲಿ ತಿರುಗಾಮುರುಗಾ: ಕ್ಯಾಲ್ಸಿಯಂ ಏರಿದರೆ ರೆನಿನ್ ನಿಲ್ಲುತ್ತದೆ. ಯೋಚಿಸಿದರೆ ಅದೇ ಸರಿ. ಒತ್ತಡ ಜಾಸ್ತಿಯಾಗಿ ಗೋಡೆ ಹಿಗ್ಗಿದಾಗಲೇ ಕ್ಯಾಲ್ಸಿಯಂ ಒಳಗೆ ಬರೋದು, ಆಗ ರೆನಿನ್ ಬೇಡ ತಾನೆ?

ರೆನಿನ್ ತಾನಾಗಿ ಬಿಪಿ ಏರಿಸುವುದಿಲ್ಲ. ಲಿವರ್ ತಯಾರಿಸಿ ರಕ್ತಕ್ಕೆ ಬಿಟ್ಟ ಆಂಜಿಯೋಟೆನ್ಸಿನೋಜೆನ್ ಎಂಬ ದೊಡ್ಡ ಪ್ರೋಟೀನಿನಿಂದ 10 ಅಮೈನೋ ಆಮ್ಲಗಳ ಒಂದು ತುಂಡನ್ನು ಕತ್ತರಿಸುತ್ತದೆ, ಅಷ್ಟೇ. ಆ ತುಂಡಿನಿಂದ ಇನ್ನೆರಡನ್ನು ತೆಗೆದುಹಾಕೋದು ಎಸಿಇ ಎಂಬ ಕಿಣ್ವ. ಇದು ಶ್ವಾಸಕೋಶದ ರಕ್ತನಾಳಗಳಲ್ಲಿ ಹೇರಳವಾಗಿದೆ. ಉಳಿದ 8 ಅಮೈನೋ ಆಮ್ಲಗಳ ತುಂಡೇ ಆಂಜಿಯೋಟೆನ್ಸಿನ್-2. ಕೆಲಸ ಮಾಡೋದು ಇದು. ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಕಿಡ್ನಿಯ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರೋನ್ ಎಂಬ ಹಾರ್ಮೋನ್ ಹೊರಡಿಸಿ ಉಪ್ಪು ಉಳಿಸುತ್ತದೆ. ಬಾಯಾರಿಕೆಯನ್ನೂ ತರಿಸುತ್ತದೆ. ಒತ್ತಡ ಸಾಕಷ್ಟು ಏರಿದ ಮೇಲೆ ವಾಪಸ್ ಬಂದು ಜೆಜಿ ಕೋಶಗಳಿಗೆ ಸಾಕು ಅನ್ನೋದೂ ಇದೇ.

ರೆನಿನ್ ಗೊತ್ತಾಗಿ ನೂರು ವರ್ಷದ ಮೇಲಾಯಿತು. 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಬರ್ಟ್ ಟಿಗರ್‌ಸ್ಟೆಟ್ ಮತ್ತು ಅವರ ಶಿಷ್ಯ ಪೇರ್ ಬರ್ಗ್‌ಮನ್ ಮೊಲದ ಕಿಡ್ನಿಯನ್ನು ಅರೆದು, ಅದರ ಸಾರವನ್ನು ಬೇರೆ ಮೊಲಗಳಿಗೆ ಚುಚ್ಚಿದರು. ಬಿಪಿ ಏರಿತು. ಆ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟದ್ದು ಅವರೇ. ಆಮೇಲೆ ಬಹಳ ವರ್ಷ ಯಾರೂ ಅದರ ಬಗ್ಗೆ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. 1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗುವ ಅಪಧಮನಿಗೆ ಪುಟ್ಟ ಕ್ಲಾಂಪ್ ಹಾಕಿ, ಪೂರ್ತಿ ಮುಚ್ಚದೆ ಸ್ವಲ್ಪ ಬಿಗಿದರು. ನಾಯಿಗಳ ಬಿಪಿ ಏರಿ ಹಾಗೆಯೇ ನಿಂತಿತು.

ನಾನು ಇಲ್ಲಿ ಒಂದು ನಿಮಿಷ ಜಾಸ್ತಿ ನಿಲ್ಲುತ್ತೇನೆ, ಯಾಕಂದ್ರೆ ಈ ಜೀವಕೋಶಗಳ ಸ್ವಭಾವ ಪೂರ್ತಿ ಗೊತ್ತಾಗೋದು ಇಲ್ಲೇ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಜೆಜಿ ಕೋಶಗಳಿಗೆ ಗೊತ್ತಿಲ್ಲ. ತಮ್ಮ ಬಾಗಿಲಿಗೆ ಬಂದ ಒತ್ತಡ ಮಾತ್ರ ಗೊತ್ತು. ನಾಲೆಯ ಕೊನೆಭಾಗದ ರೈತನಿಗೆ ಅಣೆಕಟ್ಟು ತುಂಬಿ ಕೋಡಿ ಹರಿದರೂ ಒಂದೇ, ತನ್ನ ತೂಬಿಗೆ ನೀರು ಬರದಿದ್ದರೆ ಅದು ಬರಗಾಲವೇ. ಅಪಧಮನಿ ಕಿರಿದಾದಾಗ ಜೆಜಿ ಕೋಶಗಳಿಗೂ ಹಾಗೆಯೇ ಆಗುತ್ತದೆ. ಮೈಯಲ್ಲೆಲ್ಲ ಬಿಪಿ 180 ಇದ್ದರೂ ಕಿಡ್ನಿಯೊಳಗೆ ಕಡಿಮೆ ಇರುತ್ತದೆ. ಅವು ಪ್ರಾಮಾಣಿಕವಾಗಿ ರೆನಿನ್ ಸುರಿಯುತ್ತಲೇ ಇರುತ್ತವೆ. ಕೊರತೆ ತುಂಬಾ ದಿನ ಮುಂದುವರಿದರೆ ಅಪಧಮನಿಯ ಮೇಲ್ಭಾಗದ ಸ್ನಾಯು ಕೋಶಗಳೂ ವೇಷ ಬದಲಿಸಿ ರೆನಿನ್ ತಯಾರಿಸೋಕೆ ಶುರುಮಾಡುತ್ತವೆ. ಮನುಷ್ಯರಲ್ಲೂ ಇದು ಆಗುತ್ತದೆ. ವಯಸ್ಸಾದವರಲ್ಲಿ ಅಪಧಮನಿಯೊಳಗೆ ಕೊಬ್ಬು ಕಟ್ಟಿಕೊಂಡು ಹೀಗಾಗಬಹುದು. ನಮ್ಮ ದೇಶದಲ್ಲಿ ಹರೆಯದ ಹೆಣ್ಣುಮಕ್ಕಳಲ್ಲಿ ಟಕಯಾಸು ಎಂಬ, ದೊಡ್ಡ ರಕ್ತನಾಳಗಳ ಗೋಡೆಯಲ್ಲಿ ಉರಿಯೂತವಾಗಿ ಅವು ಕಿರಿದಾಗುವ ಕಾಯಿಲೆಯಿಂದಲೂ ಆಗುತ್ತದೆ. ಇಪ್ಪತ್ತು ವರ್ಷದ ಹುಡುಗಿಗೆ ಬಿಪಿ ಇದೆ ಅಂದರೆ ಟೆನ್ಶನ್ ಅಂತ ತಳ್ಳಿಹಾಕದೆ ಈ ಅಪಧಮನಿಗಳನ್ನು ಸ್ಕ್ಯಾನ್ ಮಾಡಿ ನೋಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಬಿಪಿ ಇರುವವರೆಲ್ಲರಿಗೂ ರೆನಿನ್ ಜಾಸ್ತಿನಾ? ಇಲ್ಲ. ಅನೇಕರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಕಡಿಮೆಯೇ ಇರುತ್ತದೆ. ಬ್ರೆಜಿಲ್‌ನ ಅಮೆಜಾನ್ ಕಾಡಿನ ಯಾನೊಮಾಮಿ ಜನ ಅಡುಗೆಗೆ ಉಪ್ಪು ಹಾಕುತ್ತಿರಲಿಲ್ಲ. ಅವರನ್ನು ಪರೀಕ್ಷಿಸಿದಾಗ ರೆನಿನ್ ತುಂಬಾ ಜಾಸ್ತಿ ಇತ್ತು, ಬಿಪಿ ಮಾತ್ರ ಸರಾಸರಿ 95/61ರ ಆಸುಪಾಸು. ವಯಸ್ಸಾದರೂ ಏರುತ್ತಿರಲಿಲ್ಲ. ಅಂದರೆ ಸಿಕ್ಕ ಚೂರುಪಾರು ಉಪ್ಪನ್ನು ಕಾಪಾಡಿಕೊಳ್ಳೋಕೆ ಇರುವ ವ್ಯವಸ್ಥೆ ಇದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಎಲ್ಲ ಸೇರಿ ಮೈಗೆ ಉಪ್ಪು ಧಾರಾಳವಾಗಿ ಸಿಗುತ್ತಿದ್ದರೆ ರೆನಿನ್ ಇಳಿಯಬೇಕು. ಉಪ್ಪೂ ಜಾಸ್ತಿ ಇದ್ದು, ರೆನಿನ್ನೂ ಇಳಿಯದಿದ್ದರೆ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಸುಮಾರು ಒಂದು ಟೀ ಚಮಚ. ಎಲ್ಲ ಅಡುಗೆಯದೂ ಸೇರಿ.

ಬಿಪಿಯಲ್ಲಿ ಕಿಡ್ನಿಯ ಪಾತ್ರ ಎಷ್ಟು ದೊಡ್ಡದು ಅನ್ನೋದಕ್ಕೆ 1983ರಲ್ಲಿ ಪ್ರಕಟವಾದ ಒಂದು ವರದಿ ಇದೆ. ಬಿಪಿಯಿಂದಲೇ ಕಿಡ್ನಿ ಕಳೆದುಕೊಂಡಿದ್ದ ಆರು ಜನರಿಗೆ, ಬಿಪಿ ಇಲ್ಲದವರ ಕಿಡ್ನಿ ಕಸಿ ಮಾಡಲಾಗಿತ್ತು. ವರ್ಷಗಳು ಕಳೆದ ಮೇಲೂ ಅವರ ಬಿಪಿ ನಾರ್ಮಲ್ ಇತ್ತು. ಹೃದಯ ಅದೇ, ರಕ್ತನಾಳ ಅವೇ, ಬದಲಾದದ್ದು ಕಿಡ್ನಿ.

ಈಗ ನಿಮ್ಮ ತಂದೆಯವರ ಮಾತ್ರೆ. ಟೆಲ್ಮಿಸಾರ್ಟನ್, ಲೊಸಾರ್ಟನ್ ಇವೆಲ್ಲ ಆಂಜಿಯೋಟೆನ್ಸಿನ್-2 ಕೂರುವ ಜಾಗವನ್ನೇ ಮುಚ್ಚುತ್ತವೆ. ಎನಲಪ್ರಿಲ್, ರಾಮಿಪ್ರಿಲ್ ಎಸಿಇಯನ್ನು ತಡೆಯುತ್ತವೆ. ಈ ಎರಡನೇ ಗುಂಪಿನಲ್ಲಿ ಕೆಲವರಿಗೆ ಒಣಕೆಮ್ಮು ಬರುತ್ತದೆ, ಮೊದಲನೆಯದರಲ್ಲಿ ಅದು ಅಪರೂಪ. ಆಂಜಿಯೋಟೆನ್ಸಿನ್-2ಗೆ ಇನ್ನೊಂದು ಕೆಲಸ ಇತ್ತು: ಗ್ಲೊಮೆರುಲಸ್‌ನಿಂದ ಹೊರಹೋಗುವ ಅಪಧಮನಿಯನ್ನು ಬಿಗಿಹಿಡಿದು ಒಳಗಿನ ಒತ್ತಡ ಕಾಯೋದು. ಮಾತ್ರೆ ಆ ಹಿಡಿತ ಸಡಿಲಿಸುತ್ತದೆ. ಸೋಸುವ ವೇಗ ಸ್ವಲ್ಪ ಇಳಿದು, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ತುಸು ಏರಬಹುದು. ಶೇಕಡಾ 30ರೊಳಗಿನ ಏರಿಕೆಯನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ. ಅದಕ್ಕಿಂತ ಜಾಸ್ತಿ ಏರಿದರೆ ಕಿಡ್ನಿಯ ಎರಡೂ ಅಪಧಮನಿ ಕಿರಿದಾಗಿವೆಯೇನೋ ಎಂಬ ಅನುಮಾನ ಬರುತ್ತದೆ. ಆಲ್ಡೋಸ್ಟೆರೋನ್ ಇಳಿಯೋದರಿಂದ ಪೊಟ್ಯಾಸಿಯಂ ಹೊರಹೋಗೋದೂ ಕಡಿಮೆಯಾಗುತ್ತದೆ. ಅದು ತುಂಬಾ ಏರಿದರೆ ಹೃದಯದ ಬಡಿತಕ್ಕೆ ಅಪಾಯ. ಎರಡು ಟೆಸ್ಟ್ ಯಾಕೆ ಅನ್ನೋದಕ್ಕೆ ಉತ್ತರ ಇದೇ.

ಮನೆಯಲ್ಲಿ ಗಮನಿಸಬೇಕಾದದ್ದು ಹೇಳುತ್ತೇನೆ. ಮಂಡಿನೋವು ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೊಫಿನಾಕ್, ಐಬುಪ್ರೊಫೆನ್ ತಂದು ತಾವೇ ನುಂಗದಂತೆ ನೋಡಿಕೊಳ್ಳಿ. ಒಳಬರುವ ಅಪಧಮನಿಯನ್ನು ತೆರೆದಿಡುವ ಪ್ರೊಸ್ಟಾಗ್ಲಾಂಡಿನ್ ಅನ್ನು ಅವು ತಡೆಯುತ್ತವೆ. ಒಳಬರುವ ಅಪಧಮನಿ ಬಿಗಿಯಾಗಿ, ಹೊರಹೋಗುವುದು ಮಾತ್ರೆಯಿಂದ ಸಡಿಲವಾದರೆ ಸೋಸೋಕೆ ಒತ್ತಡವೇ ಉಳಿಯೋದಿಲ್ಲ. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಅಪಾಯ ಇನ್ನೂ ಜಾಸ್ತಿ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಎಳನೀರಿನಲ್ಲೂ ಹೇರಳವಾಗಿದೆ. ರಿಪೋರ್ಟ್ ಬರುವ ತನಕ ಎರಡನ್ನೂ ದಿನಾ ಬಳಸೋದು ಬೇಡ, ಆಮೇಲೆ ಡಾಕ್ಟರನ್ನು ಕೇಳಿ. ವಾಂತಿ ಭೇದಿ ಆದ ದಿನ ಮಾತ್ರೆ ತಗೋಬೇಕಾ ಬೇಡವಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಹಳೆಯ ಕ್ರಿಯಾಟಿನಿನ್ ರಿಪೋರ್ಟ್ ಇದ್ದರೆ ಹುಡುಕಿ ಜೊತೆಗೆ ಒಯ್ಯಿರಿ. ಹೊಸ ಸಂಖ್ಯೆ ಏರಿದೆಯೋ ಇಲ್ಲವೋ ಅನ್ನೋದನ್ನು ಅದಕ್ಕೆ ಹೋಲಿಸಿಯೇ ಹೇಳಬೇಕು.