ಅರ್ಧ ನೋವು ಇಳಿದಿದ್ದು ಸಣ್ಣ ಮಾತಲ್ಲ

ವಿಜಯನಗರದ ಓದುಗರೊಬ್ಬರು ಬರೆದಿದ್ದಾರೆ: "ಎರಡು ಸಲ ಬೆನ್ನಿನ ಆಪರೇಷನ್ ಆದರೂ ನೋವು ಬಿಡಲಿಲ್ಲ. ಹೋದ ವರ್ಷ ಬೆನ್ನುಹುರಿಗೆ ಸ್ಟಿಮ್ಯುಲೇಟರ್ ಹಾಕಿಸಿಕೊಂಡೆ. ನೋವು ಅರ್ಧ ಇಳಿದಿದೆ, ಪೂರ್ತಿ ಹೋಗಿಲ್ಲ. ಚಾರ್ಜರ್ ಬೆಲ್ಟ್ ಕಟ್ಟಿಕೊಂಡು ಅವರೆಕಾಯಿ ಸುಲಿಯುತ್ತಾ ಕೂತಿದ್ದರೆ, 'ಇಷ್ಟು ಲಕ್ಷ ಸುರಿದರೂ ಇನ್ನೂ ನೋವು ಅಂತೀಯಲ್ಲಮ್ಮ' ಅಂತಾನೆ ಮಗ. ನಾನೇ ಜಾಸ್ತಿ ಮಾಡ್ತಿದ್ದೀನಾ?"

ಇಲ್ಲಮ್ಮ. ಆ ಕೊನೆಯ ಪ್ರಶ್ನೆ ಓದಿ ನಿಮ್ಮ ಮೇಲೆ ಸ್ವಲ್ಪ ಕೋಪವೇ ಬಂತು. ನೋವು ತಿನ್ನುತ್ತಿರುವವರು ನೀವು, ಅದು ಎಷ್ಟು ಅಂತ ಬೇರೆಯವರ ಹತ್ತಿರ ಯಾಕೆ ಕೇಳುತ್ತೀರಿ?

ಈ ಯಂತ್ರ ಸವೆದ ಡಿಸ್ಕನ್ನು ಸರಿ ಮಾಡುವುದಿಲ್ಲ. ಬೆನ್ನುಹುರಿಯ ಹಿಂಬದಿಯಲ್ಲಿ ಸಣ್ಣ ತಂತಿ, ಸೊಂಟದ ಹತ್ತಿರ ಚರ್ಮದ ಕೆಳಗೆ ಬೆಲ್ಟ್ ಕಟ್ಟಿ ಹೊರಗಿನಿಂದಲೇ ಚಾರ್ಜ್ ಮಾಡುವ ಬ್ಯಾಟರಿ, ಅಷ್ಟೆ. ಅದರ ಕರೆಂಟು ನೋವಿನ ಸುದ್ದಿ ಮಿದುಳು ಮುಟ್ಟುವ ಮುಂಚೆ ಅದನ್ನು ಮಂಕು ಮಾಡುತ್ತದೆ. ಮೆಲ್ಜ್ಯಾಕ್ ಮತ್ತು ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು 1965ರಲ್ಲಿ, ನೋವಿನ ಸುದ್ದಿಯನ್ನು ಬಿಡುವ ಇಲ್ಲವೇ ತಡೆಯುವ ಗೇಟಿನಂಥದ್ದು ಬೆನ್ನುಹುರಿಯಲ್ಲಿ ಇದೆ ಅಂದರು, ಎರಡೇ ವರ್ಷಕ್ಕೆ ಅಮೆರಿಕದ ವೈದ್ಯ ನಾರ್ಮನ್ ಶೀಲಿ ಇಂಥ ಮೊದಲ ಯಂತ್ರವನ್ನು ರೋಗಿಯ ಮೈಯೊಳಗೆ ಇಟ್ಟರು. ಇನ್ನೂ ಹಿಂದೆ ಹೋದರೆ, ಕ್ರಿ.ಶ. ಮೊದಲ ಶತಮಾನದ ರೋಮ್‌ನಲ್ಲಿ ತಲೆನೋವಿಗೆ ಕರೆಂಟು ಹೊಡೆಯುವ ಮೀನನ್ನೇ ಇಡಿ ಅಂತ ಬರೆದ ವೈದ್ಯರಿದ್ದರು. ನೋವಿಗೆ ಮನುಷ್ಯ ಏನೇನು ಮಾಡಿ ನೋಡಿಲ್ಲ ಹೇಳಿ!

ಇನ್ನು ನಿಮ್ಮ ಮಗನಿಗೆ ಒಂದು ಮಾತು. ಪರ್ಮನೆಂಟಾಗಿ ಹಾಕುವ ಮುಂಚೆ ಕೆಲವು ದಿನ ತಂತಿ ಮಾತ್ರ ಒಳಗಿಟ್ಟು, ಬ್ಯಾಟರಿ ಹೊರಗಿಟ್ಟು ಟ್ರಯಲ್ ಮಾಡುತ್ತಾರೆ. ಆಗ ನೋವು ಶೇ. 50ರಷ್ಟಾದರೂ ಇಳಿದರೆ ಸಾಮಾನ್ಯವಾಗಿ ಅದನ್ನೇ ಪಾಸು ಅನ್ನುತ್ತಾರೆ. ಅಂದರೆ ವೈದ್ಯರು ಇಟ್ಟುಕೊಂಡ ಗುರಿಯೇ ಅರ್ಧ. ಅದು ನಿಮಗೆ ಸಿಕ್ಕಿದೆ.

ಅನುಮಾನ ಪಡುವವರ ಮಾತೂ ಸುಳ್ಳಲ್ಲ. 2022ರಲ್ಲಿ ನಾರ್ವೆಯವರು 50 ರೋಗಿಗಳ ಮೇಲೆ ಒಂದು ಬಗೆಯ ಸ್ಟಿಮ್ಯುಲೇಷನ್ ಪರೀಕ್ಷೆ ಮಾಡಿದಾಗ, ಯಂತ್ರ ಆನ್ ಇದ್ದಾಗಲೂ ಆಫ್ ಇದ್ದಾಗಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ತಂತಿ ಜರುಗಬಹುದು, ಸೋಂಕಾಗಬಹುದು. ಹಾಕಿಸಿಕೊಳ್ಳಬೇಕು ಅನ್ನುವವರು ಇದನ್ನೆಲ್ಲ ಕೇಳಿ ತಿಳಿದುಕೊಳ್ಳಲಿ. ಆದರೆ ಹಾಕಿಸಿಕೊಂಡು ರಾತ್ರಿ ನಾಲ್ಕು ಗಂಟೆ ನಿದ್ದೆ ಕಂಡವರ ಮುಂದೆ ಈ ಕಾಗದ ಹಿಡಿದು ವಾದ ಮಾಡುವುದು ಬೇಡ.

ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಪ್ಲಾಸ್ಟರ್ ಕಂಡರೆ ಸೀಟು ಬಿಡುವ ಊರು ಇದು, ಬೆನ್ನುನೋವು ಅಂದರೆ "ನೋಡೋಕೆ ಚೆನ್ನಾಗೇ ಇದ್ದೀರಲ್ಲ" ಅನ್ನುತ್ತದೆ. ನಮ್ಮಲ್ಲಿ ಪ್ರೂಫ್ ನೋಡುತ್ತಿದ್ದ ಹುಡುಗಿಯೊಬ್ಬಳು ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು, ಒಂದು ಕೈ ಯಾವಾಗಲೂ ಮೇಜಿಗೆ ಊರಿಕೊಂಡು. ಹಳೆಯ ಆಫೀಸಿನಲ್ಲಿ ಅವಳನ್ನು ಸೋಮಾರಿ ಅಂದಿದ್ದರಂತೆ. 2016ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ, ದೀರ್ಘಕಾಲದ ನೋವಿಗೆ ಅದರಲ್ಲಿ ತನ್ನದೇ ಜಾಗವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಜಾಗ ಸಿಕ್ಕಿದೆ, ನಮ್ಮ ಮನೆಗಳಲ್ಲಿ ಸಿಕ್ಕಿಲ್ಲ. ಇನ್ನು ರಸ್ತೆಗಳು! ಬಣ್ಣ ಬಳಿಯದ ಹಂಪ್ ಮೇಲೆ ಆಟೋ ಎಗರಿದಾಗ ನಿಮ್ಮಂಥವರ ಬೆನ್ನಿಗೆ ಏನಾಗುತ್ತದೆ ಅಂತ ಆ ಹಂಪ್ ಹಾಕಿದವರು ಒಂದು ದಿನವಾದರೂ ಯೋಚಿಸಿದ್ದಾರಾ? ನಿಂತೇ ಕಾಯಬೇಕಾದ ಕೌಂಟರುಗಳು ಇನ್ನೂ ಎಷ್ಟಿವೆ!

ಯಂತ್ರದ ಕಾರ್ಡು ಸದಾ ಪರ್ಸಿನಲ್ಲಿರಲಿ. ಮೆಟ್ರೋದಲ್ಲಿ, ಏರ್‌ಪೋರ್ಟಿನಲ್ಲಿ ಅದನ್ನು ತೋರಿಸಿ ಕೈಯಲ್ಲೇ ತಪಾಸಣೆ ಮಾಡಿ ಅನ್ನಿ, ತಪಾಸಣೆಯ ಗೇಟಿನಲ್ಲಿ ಕೆಲವರಿಗೆ ಯಂತ್ರದಿಂದ ಝುಮ್ ಅನ್ನುವುದು ಜಾಸ್ತಿಯಾಗುತ್ತದೆ. ಎಂಆರ್‌ಐ ಮಾಡಿಸಿ ಅಂತ ಯಾರಾದರೂ ಅಂದರೆ ಯಂತ್ರ ಇದೆ ಅಂತ ಮೊದಲೇ ಹೇಳಿ. ಮುಂದಿನ ಸಲ ಪ್ರೋಗ್ರಾಮಿಂಗ್‌ಗೆ, ಅಂದರೆ ಯಂತ್ರದ ಸೆಟ್ಟಿಂಗ್ ಸರಿಮಾಡಿಸಲು ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ. ಟ್ರಯಲ್‌ನಲ್ಲಿ ಎಷ್ಟು ಇಳಿದಿತ್ತು, ಈಗ ಎಷ್ಟಿದೆ, ಸೆಟ್ಟಿಂಗ್ ಬದಲಿಸಿದರೆ ಇನ್ನೂ ಇಳಿಯುತ್ತದಾ ಅಂತ ಅವನ ಎದುರೇ ಡಾಕ್ಟರನ್ನು ಕೇಳಿ.

— ಸಂ.